ಟ್ಯಾಬಿನ ಸರದಿ

ನಮ್ಮ ಅಣ್ಣ ಬಿರಾನ್ ಆ ಟ್ಯಾಬ್ ಕೊಂಡದ್ದು ದೊಡ್ಡ ಹೆಂಡತಿ ಸಲಿಮಾತಳಿಗೆ. ಅದನ್ನು ಹಿಡಿದುಕೊಂಡು ಮನೆಯೊಳಗೆ ಕಾಲಿಟ್ಟದ್ದು ಚಿಕ್ಕ ಹೆಂಡತಿ ಪೆಂದಾಳ ಸರದಿಯ ದಿನ. ಗಂಡಸರಿಗೆ ಬುದ್ಧಿ ಇರಬೇಕಾದ ಜಾಗದಲ್ಲಿ ದೇವರು ಏನಿಟ್ಟಿದ್ದಾನೋ ಅವನೇ ಬಲ್ಲ. ಎರಡು ದಿನ ಇವಳು, ಎರಡು ದಿನ ಅವಳು. ಒಲೆ, ಉಗ್ರಾಣದ ಬೀಗದ ಕೈ, ಗಂಡ, ಮೂರೂ ಒಟ್ಟಿಗೇ ಕೈ ಬದಲಾಯಿಸುವ ಮನೆ ನಮ್ಮದು. ಡಾಕರ್ ಪಕ್ಕದ ನಮ್ಮ ಪೀಕಿನ್‌ನಲ್ಲಿ ಇಂಥ ಮನೆಗಳು ಬೀದಿಗೆ ನಾಲ್ಕು ಸಿಗುತ್ತವೆ. ಆದರೆ ಆ ಮನೆಗಳ ಗಂಡಸರು ಒಬ್ಬಳ ಸಾಮಾನನ್ನು ಇನ್ನೊಬ್ಬಳ ದಿನ ಕಂಕುಳಲ್ಲಿ ಇರುಕಿಕೊಂಡು ಬರುವುದಿಲ್ಲ.

ನಾನು ಕುಂಬಾ, ಬಿರಾನನ ತಂಗಿ. ಗಂಡ ತೀರಿಕೊಂಡ ಮೇಲೆ ಇದೇ ಅಂಗಳದ ಮೂಲೆಯ ಕೋಣೆಯಲ್ಲಿದ್ದೇನೆ. ನನ್ನ ಗಂಡ ಬದುಕಿರುವ ತನಕ ನನ್ನ ಮೇಲೆ ಇನ್ನೊಬ್ಬಳನ್ನು ತರಲಿಲ್ಲ. ಆ ಜಂಬ ನನಗಿದೆ, ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ನಮ್ಮಲ್ಲಿ ನಾದಿನಿ ಎಂದರೆ ಅರ್ಧ ಗಂಡ. ಅವಳು ಯಾರ ಪರ ಬಾಯಿ ತೆರೆದರೆ ಅವರ ಮಾತು ನಡೆಯುತ್ತದೆ, ಹಾಗಾಗಿ ಇಬ್ಬರೂ ಅತ್ತಿಗೆಯರು ನನ್ನನ್ನು ಓಲೈಸುತ್ತಲೇ ಇದ್ದರು. ನಾವು ಉಣ್ಣುವುದು ಒಂದೇ ಬೋಗುಣಿಯ ಸುತ್ತ ಕೂತು. ಅಂದು ಅಡುಗೆ ಮಾಡಿದವಳು ಅನ್ನದ ನಡುವಿನ ಮೀನನ್ನು ಮುರಿದು ಒಬ್ಬೊಬ್ಬರ ಕಡೆಗೆ ತಳ್ಳಬೇಕು. ಮೀನಿನ ತಲೆಯಲ್ಲಿ ಕೆನ್ನೆಯ ತುಣುಕು ಅಂತ ಒಂದಿದೆ, ಬೆಣ್ಣೆ. ಸಲಿಮಾತಳ ಸರದಿಯಲ್ಲೂ ಅದು ನನ್ನ ಮುಂದೆ ಬರುತ್ತಿತ್ತು, ಪೆಂದಾಳ ಸರದಿಯಲ್ಲೂ ಬರುತ್ತಿತ್ತು.

ಅಂದು ಪೆಂದಾ ಮೀನು ಮುರಿಯುತ್ತಿದ್ದವಳು ಟ್ಯಾಬ್ ನೋಡಿ ಕೈ ನಿಲ್ಲಿಸಿದಳು.

"ಅದೇನು?"

"ಸಲಿಮಾತಂಗೆ," ಅಂದ ಅಣ್ಣ. "ಚೀನಾಕ್ಕೆ ಹೋಗ್ತಾಳಲ್ಲ. ಅಲ್ಲಿ ನಮ್ಮ ಫೋನಿನ ನೆಟ್ ಸರಿಯಾಗಿ ನಡೆಯಲ್ವಂತೆ. ನಡೆದ್ರೂ ಆನೆ ಸಾಕಿದಷ್ಟು ಖರ್ಚು. ನೆಟ್ ಇಲ್ದೆ ಓಡೋ ಆ್ಯಪ್‌ಗಳನ್ನ ಇಲ್ಲೇ ತುಂಬಿಸ್ಕೊಂಡು ಹೋಗ್ಬೇಕು."

"ಒಬ್ಬಳಿಗೆ ಕೊಟ್ಟಿದ್ದನ್ನ ಇನ್ನೊಬ್ಬಳಿಗೂ ಕೊಡ್ತೀನಿ ಅಂತ ಇಮಾಮರ ಮುಂದೆ ತಲೆ ಆಡಿಸಿದ್ರಿ. ಮರೆತೋಯ್ತಾ?"

"ನೀನೆಲ್ಲಿಗೆ ಹೋಗ್ತಿದ್ದೀಯ, ಮೀನು ಮಾರ್ಕೆಟ್ಟಿಗಾ?" ಸಲಿಮಾತ ಕೇಳಿದಳು.

"ಕಳಿಸಿದ್ರೆ ನಾನೂ ಹೋಗ್ತೀನಿ. ನಮ್ಮಿಬ್ಬರಲ್ಲಿ ಶಾಲೆ ಮೆಟ್ಟಿಲು ಹತ್ತಿದವಳು ಯಾರು ಅಂತ ಒಂದ್ಸಲ ನೋಡ್ಕೊ ಅಕ್ಕ."

ಅಣ್ಣ ಸಿಕ್ಕಿಬಿದ್ದ. ಎರಡು ಟ್ಯಾಬ್ ಕೊಳ್ಳುವ ಶಕ್ತಿ ಇಲ್ಲ, ಒಂದನ್ನು ಒಬ್ಬಳಿಗೇ ಕೊಡುವ ಧೈರ್ಯ ಇಲ್ಲ. "ಇದು ಯಾರದ್ದೂ ಅಲ್ಲ, ಮನೇದು," ಅಂದುಬಿಟ್ಟ. "ಒಲೆ ಯಾರ ಕೈಲಿರುತ್ತೋ ಟ್ಯಾಬೂ ಅವರ ಕೈಲಿ." ಆಮೇಲೆ ತಲೆ ತಗ್ಗಿಸಿ ಉಂಡ. ಆ ದಿನ ಇಬ್ಬರೂ ನನ್ನ ಮುಖ ನೋಡಿದರು. ಕೆನ್ನೆಯ ತುಣುಕು ಬಾಯಲ್ಲಿತ್ತು, ನಾನು ಮಾತಾಡಲಿಲ್ಲ.

ಸಲಿಮಾತ ಪೀಕಿನ್ ಮಾರ್ಕೆಟ್ಟಿನಲ್ಲಿ ಹೆಂಗಸರ ಚಪ್ಪಲಿ ಮಾರುತ್ತಾಳೆ. ಅಷ್ಟು ವರ್ಷ ಚಪ್ಪಲಿ ತರಿಸುವ ದೊಡ್ಡ ವ್ಯಾಪಾರಿಗಳಿಂದ ಕೊಂಡು, ಅವರು ಬಿಟ್ಟ ಚೂರುಪಾರು ಲಾಭದಲ್ಲಿ ಬದುಕಿದವಳು. ಈ ಸಲ ಹೆಂಗಸರ ಚೀಟಿಯ ಹಣ ಎತ್ತಿ, ಬಳೆ ಮಾರಿ, ತಾನೇ ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಿ ಸಗಟು ಮಾಲು ತರುತ್ತೇನೆಂದು ಹೊರಟಿದ್ದಳು. ನಾಲ್ಕಾರು ಸಲ ಹೋಗಿ ಬಂದ ಅಜಾ ಗೋನೆ ಎಂಬ ಮುದುಕಿ ಜೊತೆಗಿದ್ದಳು. ಸರಿಯಾದ ಮಾಲು ಸರಿಯಾದ ಬೆಲೆಗೆ ಸಿಕ್ಕರೆ ಸಲಿಮಾತ ನಾಲ್ಕು ಜನರ ಮುಂದೆ ಯಜಮಾನಿ. ಮೋಸ ಹೋದರೆ ಅಂಗಡಿಯೂ ಇಲ್ಲ, ಬಳೆಯೂ ಇಲ್ಲ. ಅದು ಅವಳಿಗೂ ಗೊತ್ತಿತ್ತು, ಪೆಂದಾಳಿಗೂ ಗೊತ್ತಿತ್ತು.

ಸಲಿಮಾತಳ ಸರದಿ ಬಂದ ಕೂಡಲೇ ಅವಳ ಮಗಳು ಮರೆಮ್ ಟ್ಯಾಬ್ ಹಿಡಿದು ಕೂತಳು. ಕಾಲೇಜಿಗೆ ಹೋಗುವ ಹುಡುಗಿ, ನಾಲಿಗೆಯ ತುದಿಯಲ್ಲಿ ಫ್ರೆಂಚು. ಊರಿನ ನಕ್ಷೆ ಇಳಿಸಿದಳು, ಫ್ರೆಂಚಿನಿಂದ ಚೀನೀ ಭಾಷೆಗೆ ತಿರುಗಿಸುವ ಆ್ಯಪ್ ಇಳಿಸಿದಳು, ಹಣ ಬದಲಾಯಿಸುವುದು, ಹವಾಮಾನ ಹೇಳುವುದು, ವಿಮಾನ ಹುಡುಕುವುದು, ನಮಾಜಿಗೆ ಕಿಬ್ಲಾ ದಿಕ್ಕು ತೋರಿಸುವುದು, ಎಲ್ಲ ಇಳಿಸಿದಳು. ಸಲಿಮಾತ ಈರುಳ್ಳಿ ಹೆಚ್ಚುತ್ತಾ ಹೆಮ್ಮೆಯಿಂದ ನೋಡಿದಳು.

ಎರಡು ದಿನ ಕಳೆದು ಟ್ಯಾಬ್ ಪೆಂದಾಳ ಕೋಣೆಗೆ ಹೋಯಿತು. ಅವಳು ಮೂರು ಧಾರಾವಾಹಿ ತುಂಬಿದಳು. ಜಾಗ ಸಾಲದೇ ಹೋದಾಗ ನಕ್ಷೆ ಅಳಿಸಿದಳು. ಮುಂದಿನ ಸರದಿಗೆ ಮರೆಮ್ ತೆರೆದು ನೋಡಿದರೆ ಗುವಾಂಗ್‌ಝೌ ಇರಬೇಕಾದ ಕಡೆ ಒಬ್ಬ ಮದುಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ.

"ಚಿಕ್ಕಮ್ಮ, ನಕ್ಷೆ ಎಲ್ಲಿ?"

"ನನ್ನ ಸರದೀಲಿ ನನ್ನ ಉಗ್ರಾಣ. ನಿಮ್ಮಮ್ಮ ಅವಳ ಸರದೀಲಿ ನನ್ನ ಬೇಳೆ ಡಬ್ಬಿ ಆಚೆ ಇಡಲ್ವಾ?"

ಮರೆಮ್ ಧಾರಾವಾಹಿ ಅಳಿಸಿ ನಕ್ಷೆ ಹಾಕಿದಳು. ಪೆಂದಾ ನಕ್ಷೆ ಅಳಿಸಿ ಧಾರಾವಾಹಿ ಹಾಕಿದಳು. ಹೀಗೇ ವಾರಗಳು ಹೋದವು. ಅಡುಗೆಮನೆಯ ಪಾತ್ರೆಗಳೆಲ್ಲ ಜೋರಾಗಿ ಸದ್ದು ಮಾಡಲು ಕಲಿತವು. ಸಲಿಮಾತ ನನ್ನ ಕೋಣೆಗೆ ಬಂದು, "ನೋಡಿದ್ಯಾ ಕುಂಬಾ, ನಾನು ಬೀದಿಗೆ ಬೀಳ್ಲಿ ಅಂತ ಕಾಯ್ತಿದ್ದಾಳೆ," ಅನ್ನುವಳು. ಅವಳು ಹೋದ ಮೇಲೆ ಪೆಂದಾ ಬಂದು, "ಚೀನಾದಿಂದ ಬಂದ ಮೇಲೆ ನನ್ನ ಕೈಲಿ ಕಾಲು ಒತ್ತಿಸ್ಕೋತಾಳೆ ನೋಡ್ತಿರು," ಅನ್ನುವಳು. ನಾನು ಇಬ್ಬರಿಗೂ ಹೌದು ಅಂದೆ. ನನಗೆ ಆ ವಾರಗಳು ಚೆನ್ನಾಗಿದ್ದವು.

ಹೊರಡುವ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಊಟ ಮುಗಿದು, ಅಣ್ಣ ಚಹಾ ಕುದಿಸುತ್ತಿದ್ದಾಗ, ಪೆಂದಾ ಎದ್ದು ಹೋಗಿ ಟ್ಯಾಬ್ ತಂದಳು. ನೆಟ್ ಆರಿಸಿದಳು. ಚಾಪೆಯ ಮೇಲೆ ಸಲಿಮಾತಳ ಎದುರು ಕಾಲು ಮಡಚಿ ಕೂತಳು.

"ಬಾ ಅಕ್ಕ, ಈಗ ನಾನು ಚೀನಾದವಳು. ಚಪ್ಪಲಿ ಮಾರ್ತೀನಿ. ಬೆಲೆ ಕೇಳು ನೋಡೋಣ."

"ಹುಡುಗಾಟ ಬೇಡ."

"ಹುಡುಗಾಟ ಅಲ್ಲ. ಆ್ಯಪ್ ಇದೆ. ಕೇಳು."

ಮರೆಮ್ ಹುಮ್ಮಸ್ಸಿನಿಂದ, "ಇಲ್ಲಿ ಒತ್ತಿ ಮಾತಾಡಮ್ಮ," ಅಂದಳು. ಸಲಿಮಾತ ಗಂಟಲು ಸರಿಮಾಡಿಕೊಂಡು ತನ್ನ ಮಾರ್ಕೆಟ್ ಫ್ರೆಂಚಿನಲ್ಲಿ ಬೆಲೆ ಎಷ್ಟು ಎಂದು ಕೇಳಿದಳು. ಟ್ಯಾಬ್ ಏನೋ ಎರಡು ಸಾಲು ತೋರಿಸಿ ಸುಮ್ಮನಾಯಿತು.

"ಓದು, ಏನಂತೆ ಅದು?" ಪೆಂದಾ ಕೇಳಿದಳು.

ಸಲಿಮಾತ ಮಗಳ ಮುಖ ನೋಡಿದಳು. ಮರೆಮ್ ತೊದಲಿದಳು. "ನೆಟ್ ಇಲ್ದಿದ್ರೆ ಇದು ಮಾತು ಕೇಳಿಸ್ಕೊಳ್ಳಲ್ವಂತೆ. ಅಕ್ಷರ ಹೊಡೀಬೇಕಂತೆ."

"ಹೊಡಿ ಅಕ್ಕ."

ಸಲಿಮಾತಳಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಮನೆಯಲ್ಲಿ ಎಲ್ಲರಿಗೂ ತಿಳಿದದ್ದೇ, ಆದರೆ ಯಾರೂ ಅದನ್ನು ಅವಳ ಎದುರಿಗೆ ಚಾಪೆಯ ಮೇಲೆ ಹಾಸಿರಲಿಲ್ಲ. ಅವಳು ಟ್ಯಾಬನ್ನು ಈರುಳ್ಳಿ ಸಿಪ್ಪೆಯ ಬುಟ್ಟಿಗೆ ಒಗೆದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣ ಚಹಾವನ್ನು ಮೇಲಿಂದ ಕೆಳಕ್ಕೆ ಹುಯ್ಯುತ್ತಲೇ ಇದ್ದ, ಲೋಟ ತುಂಬಿ ತಟ್ಟೆಗೆ ಹರಿಯಿತು. ನನಗೆ ಅಯ್ಯೋ ಅನ್ನಿಸಿತು. ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಮರುದಿನ ಬೆಳಿಗ್ಗೆ ಪೆಂದಾ ಅಂಗಳದ ನಲ್ಲಿಯ ಹತ್ತಿರ ಮೀನು ತೊಳೆಯುತ್ತಿದ್ದಳು. ಸಲಿಮಾತ ಬಂದು ಪಕ್ಕದಲ್ಲಿ ನಿಂತಳು. ನಾನು ಬಟ್ಟೆ ಒಣಗಿಸುತ್ತಿದ್ದೆ. ಆ ಬಟ್ಟೆಗಳು ಆಗಲೇ ಒಣಗಿದ್ದವು.

"ನಿಂಗೇನು ಬೇಕು ಹೇಳಿಬಿಡು," ಅಂದಳು ಸಲಿಮಾತ. "ನಾನಿಲ್ದಾಗ ಸರದಿ ಎಲ್ಲ ನಿಂಗೇ. ಬಂದ ಮೇಲೆ ಆ ದಿನಗಳನ್ನ ವಾಪಸ್ ಕೇಳಲ್ಲ. ಗಂಡನ್ನ ಇಟ್ಕೊ. ನನ್ನ ದಾರೀಗೆ ಮಾತ್ರ ಅಡ್ಡ ಬರಬೇಡ."

"ಗಂಡ ಯಾರಿಗೆ ಬೇಕು?" ಪೆಂದಾ ಮೀನಿನ ಹೊಟ್ಟೆ ಸೀಳಿದಳು. "ರಾತ್ರಿಯೆಲ್ಲ ಗೊರಕೆ. ನಂಗೆ ಅಂಗಡಿ ಬೇಕು."

"ಏನಂದೆ?"

"ನೀನು ಬರೋ ತನಕ ಅಂಗಡೀಲಿ ನಾನು ಕೂರ್ತೀನಿ. ದಿನಾ ಬೆಳಿಗ್ಗೆ ನೀನು ಬೀಗ ಕುಣಿಸ್ಕೊಂಡು ಹೋಗ್ತೀಯ, ನಾನು ಇಲ್ಲಿ ಈರುಳ್ಳಿ ಮುಂದೆ. ಒಂದು ದಿನ ಅಲ್ಲ ಎರಡು ದಿನ ಅಲ್ಲ, ನಂಗೆ ಹೊಟ್ಟೆ ಉರಿದು ಉರಿದು ಬೂದಿ ಆಗಿದೆ ಅಕ್ಕ. ಬೀಗದ ಕೈ ಕೊಡು. ಟ್ಯಾಬನ್ನ ನಾನು ಸರಿ ಮಾಡಿ ಕೊಡ್ತೀನಿ."

ಸಲಿಮಾತ ತುಂಬ ಹೊತ್ತು ಮೀನನ್ನೇ ನೋಡುತ್ತಾ ನಿಂತಳು. ಗಂಡನನ್ನು ಬಿಟ್ಟುಕೊಡುವಾಗ ಇಷ್ಟು ಹೊತ್ತು ಹಿಡಿದಿರಲಿಲ್ಲ. "ಗಿರಾಕಿಗೆ ಸಾಲ ಕೊಡಬೇಡ," ಅಂದಳು ಕೊನೆಗೆ.

ಆ ಸಂಜೆಯಿಂದ ಪೆಂದಾ ಟ್ಯಾಬ್ ಹಿಡಿದಳು, ಮರೆಮ್ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಳು.

"ಹವಾಮಾನ ತೆಗಿ. ಮಳೆ ಬಂದ್ರೆ ನೆನೀತಾಳೆ, ಬಿಸಿಲು ಬಂದ್ರೆ ಒಣಗ್ತಾಳೆ. ವಿಮಾನದ್ದೂ ತೆಗಿ, ಟಿಕೆಟ್ ಕೈಲಿದೆ."

"ಎಲ್ಲ ತೆಗೆದ್ರೆ ಇನ್ನೇನು ಉಳಿಯುತ್ತೆ ಚಿಕ್ಕಮ್ಮ?"

"ನಿಮ್ಮಮ್ಮಂಗೆ ಬೇಕಾದ್ದು ಉಳಿಯುತ್ತೆ. ಕಿಬ್ಲಾ ಇರ್ಲಿ. ನಕ್ಷೆ ಇರ್ಲಿ, ಆದ್ರೆ ಅದರ ಮೇಲೆ ಹೆಸರು ಬರೀಬೇಡ. ಹೋಟ್ಲಿಗೆ ಹಸಿರು ಚುಕ್ಕೆ, ಚಪ್ಪಲಿ ಮಾರ್ಕೆಟ್ಟಿಗೆ ಕೆಂಪು. ಹಣದ್ದು ತೋರ್ಸು."

ಮರೆಮ್ ತೋರಿಸಿದಳು. ಚೀನಾದ ಒಂದು ಯುವಾನಿಗೆ ನಮ್ಮ ಎಂಬತ್ತು ಫ್ರಾಂಕಿನ ಆಸುಪಾಸು.

"ಇದನ್ನ ಹದಿನಾರು ಮಾಡು," ಅಂದಳು ಪೆಂದಾ.

"ಅದು ತಪ್ಪು ಲೆಕ್ಕ."

"ನಿಮ್ಮಮ್ಮ ಯಾವತ್ತಾದ್ರೂ ಫ್ರಾಂಕಲ್ಲಿ ಲೆಕ್ಕ ಹಾಕಿದ್ದು ಕೇಳಿದ್ದೀಯಾ? ಮಾರ್ಕೆಟ್ಟಲ್ಲಿ ಕೂತವಳು ದೆರೆಮ್‌ನಲ್ಲೇ ಯೋಚ್ನೆ ಮಾಡೋದು. ಐದು ಫ್ರಾಂಕಿಗೆ ಒಂದು ದೆರೆಮ್. ನೂರು ಯುವಾನಿನ ಮಾಲಿಗೆ ಇದು ಎಂಟು ಸಾವಿರ ಅಂತ ತೋರ್ಸಿದ್ರೆ ಅವಳು ಎಂಟು ಸಾವಿರ ದೆರೆಮ್ ಅಂದ್ಕೊಂಡು, ಐದು ಪಟ್ಟು ಬೆಲೆ ಅಂತ ಹೆದ್ರಿ, ಒಳ್ಳೆ ಮಾಲು ಬಿಟ್ಟು ಬರ್ತಾಳೆ. ಯುವಾನಿನ ದರ ನಾವೇ ತುಂಬೋ ಆ್ಯಪ್ ಹುಡುಕು."

ಮರೆಮ್ ಹುಡುಕಿದಳು. ಅಂಥದ್ದೊಂದು ಸಿಕ್ಕಿತು. ಆಮೇಲೆ ಪೆಂದಾ ಭಾಷೆಯ ಆ್ಯಪಿನಲ್ಲಿ ಒಂದೊಂದೇ ಮಾತು ಫ್ರೆಂಚಿನಲ್ಲಿ ಹೊಡೆದು, ಬಂದ ಚೀನೀ ಬರಹವನ್ನು ದೊಡ್ಡದಾಗಿ ಚಿತ್ರ ಮಾಡಿ ಇಟ್ಟಳು. ಬೆಲೆ ಇಳಿಸಿ. ಇದರಲ್ಲಿ ಹಂದಿ ಇದೆಯಾ. ನನ್ನ ಹೋಟೆಲು ಎಲ್ಲಿ. ಒಂದೊಂದು ಚಿತ್ರಕ್ಕೂ ಇದು ಏನು, ಯಾವಾಗ ತೋರಿಸಬೇಕು ಎಂದು ನಮ್ಮ ವೊಲೋಫ್ ಮಾತಿನಲ್ಲಿ ತನ್ನ ದನಿ ತುಂಬಿದಳು. ಚಿತ್ರ ಮುಟ್ಟಿದರೆ ಪೆಂದಾ ಮಾತಾಡುತ್ತಾಳೆ.

"ಸವತಿ ದನೀನ ಚೀನಾ ತನಕ ಹೊತ್ಕೊಂಡು ಹೋಗ್ಬೇಕಾ?" ಅಂದಳು ಸಲಿಮಾತ. "ಮರೆಮ್, ನೀನೇ ಹೇಳ್ಬಾರ್ದಾ?"

"ಅವಳು ಹೇಳಿದ್ರೆ ನೀನು ಕೇಳಲ್ಲ," ಅಂದಳು ಪೆಂದಾ. "ಮಗಳ ಮಾತಿಗೆ ನಗ್ತೀಯ. ನನ್ನ ಮಾತಿಗಾದ್ರೆ ಕೋಪ ಬಂದು ಕಿವಿ ನಿಮಿರುತ್ತೆ."

ಹೊರಡುವ ಹಿಂದಿನ ದಿನ ನಾನು ಸಲಿಮಾತಳನ್ನು ನನ್ನ ಕೋಣೆಗೆ ಕರೆದೆ. "ಅತ್ತಿಗೆ, ಯೋಚ್ನೆ ಮಾಡು. ಹದಿನಾರು ಅಂತ ತಪ್ಪು ಅಂಕಿ ಹಾಕಿದ್ದಾಳೆ. ಅವಳು ಅಲ್ಲಿ ಏನೇನು ಹೇಳಿಟ್ಟಿದ್ದಾಳೋ. ಹಾವಿಗೆ ಹಾಲೆರೆದ ಹಾಗಾದೀತು."

ಅವಳಿಗೆ ಅಳುಕು ಹುಟ್ಟಿತು. ಟ್ಯಾಬ್ ತೆರೆದು ಬೆರಳು ಮೇಲೆತ್ತಿ ಹಿಡಿದಳು. ಒತ್ತಲಿಲ್ಲ. "ಈಗ ಕೇಳಿ ಕೋಪ ಬಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ," ಅಂದಳು. "ಅಲ್ಲೇ ಕೇಳ್ತೀನಿ." ಹೊರಡುವಾಗ ಅಂಗಡಿಯ ಬೀಗದ ಕೈಯನ್ನು ಪೆಂದಾಳ ಕೈಗೆ ಕೊಡದೆ, ಅವಳ ಬಾಗಿಲ ಮುಂದಿನ ಚಾಪೆಯ ಮೇಲೆ ಇಟ್ಟು ಹೋದಳು.

ಅವಳಿಲ್ಲದ ದಿನಗಳು ನನಗೆ ಶಿಕ್ಷೆಯಾಗಿಬಿಟ್ಟವು. ಪೆಂದಾ ಬೆಳಗಾಗುತ್ತಲೇ ಗಂಜಿ ಹಾಕಿದ ಉಡುಪು ತೊಟ್ಟು, ತಲೆಗೆ ವಸ್ತ್ರ ಸುತ್ತಿ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಒಲೆ ನನ್ನ ಪಾಲಿಗೆ ಬಂತು. ಅಣ್ಣ ಅನ್ನ ಬೆರಳಲ್ಲಿ ಕೆದಕುತ್ತಾ, "ಉಪ್ಪು," ಅನ್ನುವನು. ಅಷ್ಟೇ ಅನ್ನುವನು. ಸಂಜೆ ಪೆಂದಾ ಧೂಳು ತುಂಬಿದ ಕಾಲಿನಲ್ಲಿ ಬಂದು, ಎಷ್ಟು ಜೋಡಿ ಮಾರಿದೆ, ಯಾವ ಹೆಂಗಸು ಯಾವ ಬಣ್ಣಕ್ಕೆ ಜಗಳವಾಡಿದಳು ಎಂದು ಹೇಳುತ್ತಾ ಉಣ್ಣುವಳು. ಚೀನಾದಿಂದ ಸುದ್ದಿ ಬರುತ್ತಿರಲಿಲ್ಲ. ಅಜಾ ಗೋನೆಯ ಮಗನಿಗೆ ಒಂದು ಫೋನು ಬಂದಿತ್ತಂತೆ, ಮುದುಕಿ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಿದ್ದಾಳಂತೆ.

"ಹಾಗಾದ್ರೆ ಸಲಿಮಾತ ಒಬ್ಬಳೇ," ಅಂದ ಅಣ್ಣ.

"ಒಬ್ಬಳೇ ಅಲ್ಲ," ಅಂದಳು ಪೆಂದಾ. ಆಮೇಲೆ ಎದ್ದು ಕೈ ತೊಳೆದಳು. ಆ ದಿನ ಅವಳು ಸರಿಯಾಗಿ ಉಣ್ಣಲಿಲ್ಲ.

ಸಲಿಮಾತ ಮರಳಿ ಬಂದಳು. ಸ್ವಲ್ಪ ಬಡವಾಗಿದ್ದಳು, ಕಾಲಲ್ಲಿ ಹೊಸ ಚಪ್ಪಲಿ. ಪೆಟ್ಟಿಗೆಗಳು ಹಡಗಿನಲ್ಲಿ ಬರುತ್ತಿವೆ ಅಂದಳು. ಮರುದಿನ ತಾನೇ ಒಲೆ ಹಿಡಿದು ಮೀನಿನ ಅನ್ನ, ನಮ್ಮ ಚೆಬುಜೆನ್, ಮಾಡಿದಳು. ಬಾಯಿಗೆ ರುಚಿ ಬಂದು ಅಣ್ಣನ ಕಣ್ಣಲ್ಲಿ ನೀರಾಡಿತು.

"ಎರಡನೇ ದಿನವೇ ಅಜಾ ಮಲಗಿಬಿಟ್ಳು," ಅಂದಳು ಸಲಿಮಾತ. "ನಾನು ಒಬ್ಬಳೇ ಹೋದೆ. ಅದು ಮಾರ್ಕೆಟ್ ಅಲ್ಲ, ಅಂತಸ್ತಿನ ಮೇಲೆ ಅಂತಸ್ತು, ಎಲ್ಲಾ ಗಲ್ಲಿಗಳೂ ಒಂದೇ ಥರ. ಹೊರಗೆ ಬಂದ್ರೆ ಬಂದ ಬಾಗಿಲಲ್ಲ. ಫೋನ್ ಸತ್ತಿತ್ತು. ತಿರುಗಿ ತಿರುಗಿ ಅಲ್ಲಿಗೇ ಬರ್ತಿದ್ದೆ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಟ್ಯಾಬ್ ತೆಗೆದು ಹೋಟ್ಲಿನ ಚಿತ್ರ ಮುಟ್ಟಿದೆ."

"ನಾನೇನು ಹೇಳಿದ್ದೆ?" ಪೆಂದಾ ಕೇಳಿದಳು, ನೆಲ ನೋಡುತ್ತಾ.

"'ಅಕ್ಕ, ಅಳ್ತಿದ್ರೆ ಮೊದಲು ಮೂಗು ಒರೆಸ್ಕೊ. ಗಾಬರಿಯಾದ್ರೆ ನೀನು ಬಲಕ್ಕೇ ತಿರುಗ್ತೀಯ. ಡಾಕರ್‌ನ ದೊಡ್ಡ ಮಾರ್ಕೆಟ್ಟಲ್ಲಿ ಕಳೆದೋದಾಗ್ಲೂ ಬಲಕ್ಕೆ ತಿರುಗಿ ತಿರುಗಿ ಅದೇ ಬಕೆಟ್ ಅಂಗಡಿ ಮುಂದೆ ಬಂದೆ, ನಾನು ನೋಡಿದ್ದೆ. ಈಗ ಎಡಕ್ಕೆ ತಿರುಗು. ಆಮೇಲೆ ಹಸಿರು ಚುಕ್ಕೆ ನೋಡು.' ಎಷ್ಟು ಕೋಪ ಬಂತು ಅಂದ್ರೆ, ಅಳು ಅಲ್ಲೇ ನಿಂತೋಯ್ತು."

"ತಿರುಗಿದ್ಯಾ?" ಅಣ್ಣ ಕೇಳಿದ.

"ತಿರುಗಿದೆ."

ಮೊದಲು ಮರೆಮ್ ನಕ್ಕಳು.

"ಬೆಲೆ ಚಿತ್ರಕ್ಕೆ ಇವಳು ಏನು ಹೇಳಿದ್ದಾಳೆ ಗೊತ್ತಾ?" ಅಂದಳು ಸಲಿಮಾತ. "'ಮಾಲು ಇಷ್ಟ ಆದ್ರೆ ನೀನು ಮುಗುಳ್ನಗ್ತೀಯ. ಗಂಡನ ಮುಂದೆ ನಕ್ಕ ಹಾಗೆ ಅಲ್ಲಿ ನಗಬೇಡ, ಬೆಲೆ ಏರುತ್ತೆ.' ನಾನು ಆ ಊರಲ್ಲಿ ಸತ್ತವರ ಮನೇಲಿ ಕೂತ ಹಾಗೆ ಮುಖ ಇಟ್ಕೊಂಡು ವ್ಯಾಪಾರ ಮಾಡಿದೆ. ಹದಿನಾರರ ಲೆಕ್ಕದಲ್ಲಿ ಒಂದು ದೆರೆಮ್ ಹೆಚ್ಚು ಕೊಟ್ಟಿಲ್ಲ." ಸಲಿಮಾತ ಅನ್ನ ಕಲಸಿದಳು. "ಮುಂದಿನ ಸಲ ಪೆಂದಾ ಹೋಗ್ಲಿ."

ಅಣ್ಣನಿಗೆ ಕೆಮ್ಮು ಬಂತು.

"ಯಾಕೆ? ಒಲೆಗೆ ಸರದಿ ಇದೆ, ನಿಮಗೆ ಸರದಿ ಇದೆ. ಚೀನಾಕ್ಕೆ ಯಾಕಿರಬಾರ್ದು? ಬೆಳಿಗ್ಗೆ ಅಂಗಡಿಗೆ ಹೋದ್ರೆ ನನ್ನ ಗಿರಾಕಿಗಳೇ 'ಚಿಕ್ಕವಳು ಎಲ್ಲಿ' ಅಂತ ಕೇಳ್ತಾರೆ. ನನ್ನ ಹಳೇ ಮಾಲೆಲ್ಲ ಮಾರಿ ಹಾಕಿದ್ದಾಳೆ. ಇವಳನ್ನ ಅಂಗಡಿಯಿಂದ ದೂರ ಇಡೋಕೆ ಚೀನಾನೇ ಸರಿ."

"ಹೊಟ್ಟೆ ಉರೀತಿದ್ಯಾ ಅಕ್ಕ?"

"ಉರೀತಿದೆ."

"ನಂಗೆ ಈಗ ಸ್ವಲ್ಪ ತಂಪಾಯ್ತು," ಅಂದಳು ಪೆಂದಾ.

ಇದಾಗಿ ಕೆಲವು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ ಇಬ್ಬರೂ ಪೆಂದಾಳ ಕೋಣೆಯಲ್ಲಿ ಟ್ಯಾಬ್ ನಡುವೆ ಇಟ್ಟುಕೊಂಡು ಕೂತಿದ್ದರು. ಜಗಳಕ್ಕೆ ಕೂತಿದ್ದಾರೆಂದು ನಾನು ಆಸೆಯಿಂದ ಕಿಟಕಿಯ ಹತ್ತಿರ ಹೋದೆ. ಸಲಿಮಾತ ತನ್ನ ದನಿ ತುಂಬುತ್ತಿದ್ದಳು. "ಪೆಂದಾ, ಚೆಂದ ಇದ್ದೀಯ ಅಂತ ಯಾರಾದ್ರೂ ಅಂದ್ರೆ ಆ ಅಂಗಡಿಯಿಂದ ಏಳು. ಹೊಗಳಿದವರಿಗೆ ನೀನು ಯಾವತ್ತೂ ಸೋಲ್ತೀಯ. ಹಸಿದಾಗ ಬೆಲೆ ಮಾತಾಡಬೇಡ, ಹಸಿದ್ರೆ ನೀನು ಬೇಗ ಹೂಂ ಅಂತೀಯ."

ನಾನು ಒಳಗೆ ಹೋದೆ. "ನನ್ನದೂ ಒಂದು ಮಾತು ಇರ್ಲಿ," ಅಂದೆ.

ಪೆಂದಾ ಮರ್ಯಾದೆಯಿಂದ ಟ್ಯಾಬನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಬಾಯಿ ತೆರೆದೆ. ಇಷ್ಟು ವರ್ಷ ಇಬ್ಬರ ಗುಟ್ಟೂ ನನ್ನ ಕಿವಿಯಲ್ಲಿತ್ತು, ಆದರೆ ಈಗ ಹೇಳಲು ಒಂದೂ ಹೊಳೆಯಲಿಲ್ಲ. "ಜೋಪಾನವಾಗಿ ಹೋಗಿ ಬಾ," ಅಂದೆ. ಬೀದಿಯಲ್ಲಿ ಯಾರು ಬೇಕಾದರೂ ಅನ್ನುವ ಮಾತು. ಆಮೇಲೆ ನಗುತ್ತಾ ಕೇಳಿದೆ, "ನಾನು ಎಲ್ಲಿಗಾದ್ರೂ ಹೊರಟ್ರೆ ನಂಗೆ ಏನು ತುಂಬಿಸಿ ಕೊಡ್ತೀರಿ?"

ಇಬ್ಬರೂ ನನ್ನ ಮುಖ ನೋಡಿದರು. ಯೋಚಿಸಿದರು, ನಿಜವಾಗಿ ಯೋಚಿಸಿದರು.

"ನಿಂಗೇನು ಕುಂಬಾ, ನೀನು ಜಾಣೆ," ಅಂದಳು ಸಲಿಮಾತ.

"ನಿಂಗೆ ಏನೂ ಬೇಕಾಗಲ್ಲ," ಅಂದಳು ಪೆಂದಾ.

ಅವತ್ತು ಪೆಂದಾಳ ಸರದಿ. ಬೋಗುಣಿ ಬಂತು, ಎಲ್ಲರೂ ಸುತ್ತ ಕೂತೆವು. ನನ್ನ ಮೇಲೆ ಇನ್ನೊಬ್ಬಳು ಬರಲಿಲ್ಲ ಎಂಬ ಜಂಬವನ್ನು ನಾನು ಇಷ್ಟು ವರ್ಷ ಒಡವೆಯಂತೆ ಹಾಕಿಕೊಂಡು ತಿರುಗಿದ್ದೆ. ಒಬ್ಬ ಸವತಿ ಇದ್ದಿದ್ದರೆ, ಗಾಬರಿಯಾದಾಗ ನಾನು ಯಾವ ಕಡೆ ತಿರುಗುತ್ತೇನೆ ಎಂದು ಅವಳಾದರೂ ನೋಡಿ ಇಟ್ಟುಕೊಂಡಿರುತ್ತಿದ್ದಳು. ಪೆಂದಾ ಮೀನು ಮುರಿದಳು. ಕೆನ್ನೆಯ ತುಣುಕನ್ನು ಬೆರಳಲ್ಲಿ ಬಿಡಿಸಿ ಸಲಿಮಾತಳ ಕಡೆಗೆ ತಳ್ಳಿದಳು. "ತಿನ್ನು ಅಕ್ಕ, ಚೀನಾದಲ್ಲಿ ಒಣಗಿ ಬಂದಿದ್ದೀಯ."

ನನ್ನ ಮುಂದೆ ಬಾಲದ ತುಂಡು ಬಂತು. ಮುಳ್ಳು ತೆಗೆದುಕೊಂಡು ತಿಂದೆ.